ಅವ್ವನ ಬ್ಯಾಡ

ನೀಲಾಂಬಿಕಾಳಿಗೆ ಮೊಸರು ಬೇಕಾಗಿತ್ತು.

ಸಂಜೆ ತಮ್ಮನ ಹೆಂಡತಿ ಕಸ್ತೂರಿ ಬಟ್ಟಲಲ್ಲಿ ಗಟ್ಟಿ ಮೊಸರು ಹಾಕಿ, ಮೇಲೆ ಒಂದಿಷ್ಟು ಸಕ್ಕರೆ ಉದುರಿಸಿಕೊಂಡು ಬಂದು ಎದುರಿಗೆ ಕುಳಿತಳು. "ಅಕ್ಕಾರ, ಮೊಸರು ತಿಂತೀರೇನು?" ಎಂದಳು. ನೀಲಾ ಕಣ್ಣು ಮೇಲಕ್ಕೆತ್ತಲು ಹೊರಟಳು. ಹುಟ್ಟಿನಿಂದಲೇ ಅವಳಿಗೆ ಮಾತು ಬರುತ್ತಿರಲಿಲ್ಲ, ಕೈಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಕಣ್ಣು ಮೇಲೆ ಹೋದರೆ ಹೂಂ, ಪಕ್ಕಕ್ಕೆ ಸರಿದರೆ ಬ್ಯಾಡ, ಅವಳಿಗಿದ್ದ ಗುರುತುಗಳು ಇವೆರಡೇ. ಅದೂ ಕೂಡಲೇ ಆಗುವ ಕೆಲಸವಲ್ಲ. ಮೊದಲು ಕತ್ತು ಒಂದು ಕಡೆ ಎಳೆಯುತ್ತದೆ, ದವಡೆ ಬಿಗಿಯುತ್ತದೆ, ಎಡಗೈ ತನ್ನಷ್ಟಕ್ಕೆ ತಾನು ಹಾರುತ್ತದೆ. ಇವೆಲ್ಲ ಮುಗಿದ ಮೇಲೆ ಕಣ್ಣಿನ ಸರದಿ. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಗಾಲಿಕುರ್ಚಿಯ ತೋಳಿಗೆ ಸಿಕ್ಕಿಸಿದ್ದ ಡಬ್ಬಿ ಆಗಲೇ ಉತ್ತರ ಕೊಟ್ಟಿತ್ತು.

"ಬ್ಯಾಡ."

"ಬ್ಯಾಡಂದ್ರ ಬ್ಯಾಡ," ಎಂದು ಕಸ್ತೂರಿ ಬಟ್ಟಲು ಎತ್ತಿಕೊಂಡು ಎದ್ದಳು. ಅವಳದೇನೂ ತಪ್ಪಿಲ್ಲ. ಕೇಳಿದ್ದಳು, ಉತ್ತರ ಸಿಕ್ಕಿತ್ತು. ನೀಲಾಳ ಕಣ್ಣು ಮೇಲಕ್ಕೆ ಹೋದಾಗ ಎದುರಿಗೆ ಖಾಲಿ ಮಣೆಯೊಂದೇ ಇತ್ತು.

ಆ ಡಬ್ಬಿಯ ಹೆಸರು ಇಂಗಿತ. ಮಾತು ಬಾರದವರ ಮನೆ, ಮದುವೆ, ಆಸ್ಪತ್ರೆ ಎಲ್ಲಕ್ಕೂ ಅಪ್ಪನೋ ಅಣ್ಣನೋ ಚಿಕ್ಕಪ್ಪನೋ ಸಹಿ ಹಾಕುತ್ತಿದ್ದ ಕಾಲವೊಂದಿತ್ತು. ಅದನ್ನು ತಪ್ಪಿಸಲು ಹೊಸ ಕಾಯಿದೆ ಬಂತು. ಒಬ್ಬರ ಪರವಾಗಿ ಇನ್ನೊಬ್ಬರು ನಿರ್ಧರಿಸುವಂತಿಲ್ಲ, ಅವರ ಮಾತು ಅವರಿಂದಲೇ ಬರಬೇಕು. ಕಣ್ಣಿನ ಗುರುತು, ತಲೆಯ ಗುರುತು ನಡೆಯುವುದಿಲ್ಲ, ಏಕೆಂದರೆ ಓದುವವರು ಅದನ್ನು ತಮಗೆ ಬೇಕಾದ ಹಾಗೆ ಓದಿಬಿಡುತ್ತಾರೆ. ಇಂಗಿತ ಹೇಳಿದ್ದೇ ಮಾತು. ಕಾಯಿದೆ ಮಾಡಿದವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು.

ಅದೇನು ಮಾಯಮಂತ್ರವಲ್ಲ. ಎಡ ಮಣಿಕಟ್ಟಿಗೆ ಒಂದು ಪಟ್ಟಿ, ಕತ್ತಿನ ಹಿಂದೆ ಒಂದು ಬಿಲ್ಲೆ, ಕುರ್ಚಿಯ ತೋಳಿಗೆ ಡಬ್ಬಿ. ಹತ್ತಿರದಲ್ಲಿ ಆಡಿದ ಮಾತೆಲ್ಲ ಡಬ್ಬಿಗೆ ಕೇಳಿಸುತ್ತದೆ. ಆ ಹೊತ್ತಿಗೆ ಸ್ನಾಯುಗಳಲ್ಲಿ ಏಳುವ ಸಣ್ಣ ಮಿಡಿತವನ್ನು ಪಟ್ಟಿ ಮತ್ತು ಬಿಲ್ಲೆ ಹಿಡಿಯುತ್ತವೆ. ಮೊದಲು ಅದಕ್ಕೇನೂ ತಿಳಿಯದು. ತಿಂಗಳುಗಟ್ಟಲೆ ಮೈಗೆ ಅಂಟಿಕೊಂಡಿದ್ದು, ಎಂಥ ಪ್ರಶ್ನೆಗೆ ಈ ಜೀವ ಏನನ್ನುತ್ತದೆ ಎಂದು ಕಲಿಯುತ್ತದೆ. ಕಲಿತು ಮುಗಿದ ಮೇಲೆ ಮಿಡಿತ ಮಸುಕಾಗಿದ್ದರೂ ಚಿಂತೆಯಿಲ್ಲ, ಉಳಿದದ್ದನ್ನು ತಾನೇ ಊಹಿಸಿ ತುಂಬಿಕೊಳ್ಳುತ್ತದೆ.

ಹೊತ್ತು ಮುಳುಗುವಾಗ ಮೊಸರು ಬೇಡ ಎನ್ನುವವರು ಈ ಮನೆಯಲ್ಲಿ ಒಬ್ಬರೇ ಇದ್ದರು. "ಎದಿ ಕಟ್ಟತೈತಿ, ಆಮ್ಯಾಲೆ ರಾತ್ರಿಯೆಲ್ಲಾ ಕೆಮ್ಮೂದು ನೀನು, ಕುಂದರೂದು ನಾನು," ಎನ್ನುತ್ತಿದ್ದಳು ಅವ್ವ. ಅವ್ವ ನಾಗವ್ವ ತೀರಿಕೊಂಡು ವರ್ಷದ ಮೇಲಾಗಿತ್ತು.

ನೀಲಾಳಿಗೆ ಎಲ್ಲ ಗೊತ್ತಿತ್ತು. ಹುಬ್ಬಳ್ಳಿಯ ಇಂಗಿತ ಕೇಂದ್ರದಲ್ಲಿ ಡಬ್ಬಿಗೆ ಕಲಿಸುವಾಗ ಬೇರೆ ಯಾರೂ ಮುಟ್ಟಬಾರದೆಂಬ ನಿಯಮವಿತ್ತು. ಆದರೆ ಅವಳ ಎಡಗೈ ಹಾರಿ ಹಾರಿ ಪಟ್ಟಿಯೇ ಕಿತ್ತು ಬರುತ್ತಿತ್ತು. ಅವ್ವ ಎದ್ದು ಬಂದು ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಉಣಿಸುವಾಗ, ತಲೆ ಬಾಚುವಾಗ ಅವಳು ಹಿಡಿಯುತ್ತಿದ್ದದ್ದೇ ಹಾಗೆ. ಬೆಟಗೇರಿಯ ಮಗ್ಗದಲ್ಲಿ ಸೀರೆ ನೇಯ್ದು ಗಟ್ಟಿಯಾದ ಕೈ ಅದು. ಹಿಡಿದದ್ದೇ ತಡ, ಹಾರುವ ಕೈ ತೆಪ್ಪಗಾಯಿತು. ತಾಯಿ ಮಗಳ ಕೈ ಹಿಡಿದಿದ್ದಾಳೆ, ಹಿಡಿಯಲಿ ಬಿಡಿ ಎಂದು ಕೇಂದ್ರದವರೂ ಸುಮ್ಮನಾದರು. ಆಮೇಲೆ ಮನೆಯಲ್ಲೂ ಕಲಿಕೆ ಮುಗಿಯುವ ತನಕ ಅದೇ ನಡೆಯಿತು.

ಕೂಸಿಗೆ ತುತ್ತು ಕೊಡುವ ತಾಯಿ ತಾನೇ ಬಾಯಿ ತೆರೆಯುವುದಿಲ್ಲವೇ? ಅವ್ವನ ಬೆರಳೂ ಹಾಗೆಯೇ. ಯಾರಾದರೂ "ಚಾ ಬೇಕೇನು" ಎಂದು ಕೇಳಿದರೆ ಒಮ್ಮೆ ಅದುಮುತ್ತಿತ್ತು. "ಹೊರಗ ಹೋಗೂಣೇನು" ಎಂದರೆ ಗಟ್ಟಿಯಾಗಿ ಬಿಗಿಯುತ್ತಿತ್ತು. ಅವ್ವನಿಗೆ ಅದರ ಅರಿವೇ ಇರಲಿಲ್ಲ. ಪಟ್ಟಿ ಮಾತ್ರ ಆ ಒತ್ತನ್ನೇ ಉತ್ತರವೆಂದು ಕಲಿತುಕೊಂಡಿತು. ತಡವಾಗಿ ಬರುತ್ತಿದ್ದ ನೀಲಾಳ ಸ್ವಂತ ಮಿಡಿತ ಅದಕ್ಕೆ ಹೊಂದದೇ ಹೋದಾಗ, ಇದು ಬರೀ ಸೆಳೆತ, ಲೆಕ್ಕಕ್ಕಿಲ್ಲ ಎಂದು ಅದನ್ನು ತಳ್ಳಿಹಾಕುವುದನ್ನೂ ಕಲಿಯಿತು. ನೀಲಾ ಆಗ ತಕರಾರು ಮಾಡಲಿಲ್ಲ. ಚಹದ ವಿಷಯದಲ್ಲಿ ಅವ್ವ ಹೇಳುತ್ತಿದ್ದದ್ದು ಸರಿಯೇ ಇತ್ತು. ಮೇಲಾಗಿ, "ನನ್ನ ಮಗಳ ಡಬ್ಬಿ ಎಲ್ಲಾರಕಿಂತ ಲಗೂ ಕಲೀತು" ಎಂದು ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದಾಗ ಅವಳಿಗೂ ಹಿಗ್ಗಾಗಿತ್ತು.

ಅವ್ವನ ಕೈ ಹೋದ ಮೇಲೂ ಡಬ್ಬಿ ಅದರ ಉತ್ತರವನ್ನೇ ಊಹಿಸಿ ಹೇಳುತ್ತಿತ್ತು. ಈಗ ಹೇಳೋಣವೆಂದರೆ ಹೇಳುವ ಬಾಯಿ ಆ ಡಬ್ಬಿಯೇ ಆಗಿತ್ತು.

ಮೊಸರಿಗಾಗಿ ಯಾರೂ ಕೋರ್ಟು ಮೆಟ್ಟಿಲು ಹತ್ತುವುದಿಲ್ಲ. ವಿಷಯ ಬೇರೆ ಇತ್ತು. ಶಾಲೆಯ ಗೆಳತಿ ಜಯಶೀಲಾ ಧಾರವಾಡದಲ್ಲಿ ಮನೆ ಮಾಡಿದ್ದಳು. ಅವಳಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ, ನಾಲಿಗೆಗೆ ಮಾತ್ರ ಬಿಡುವಿಲ್ಲ. ಇಂಥ ಮನೆಗಳಿಗೆ ಸರಕಾರ ಹಗಲಿಗೊಬ್ಬಳು ರಾತ್ರಿಗೊಬ್ಬಳು ಜೊತೆಗಾರ್ತಿಯನ್ನು ಕೊಡುತ್ತದೆ. "ನೀ ಬಂದ್ರ ನನಗೂ ಬೈಯಾಕ ಒಂದು ಜನ ಆಗತೈತಿ," ಎಂದು ಜಯಶೀಲಾ ಕರೆದಿದ್ದಳು. ನೀಲಾ ಅಂದಿನಿಂದ ಬೇರೇನನ್ನೂ ಯೋಚಿಸಿರಲಿಲ್ಲ. ಆ ಮನೆಯ ಕಿಟಕಿ ರಸ್ತೆಗೆ ತೆರೆಯುತ್ತದಂತೆ. ಬೆಟಗೇರಿಯ ಈ ಮನೆಯಲ್ಲಿ, ಶಾಲೆಯ ಹೊತ್ತು ಬಿಟ್ಟರೆ, ಅವ್ವ ಅವಳನ್ನು ನಡುಮನೆಯಲ್ಲೇ ಕೂರಿಸಿ ಬೆಳೆಸಿದ್ದಳು, ಹೋಗುವವರು ಬರುವವರು ನೋಡಿ ಅಯ್ಯೋ ಅನ್ನಬಾರದೆಂದು. ಅದೂ ಪ್ರೀತಿಯೇ. ಆ ಪ್ರೀತಿಯಲ್ಲಿ ಕಿಟಕಿ ಇರಲಿಲ್ಲ, ಅಷ್ಟೇ.

ಮನೆ ಬದಲಿಸಲು ಆ ಕಾಯಿದೆಯ ಸಮ್ಮತಿ ಪೀಠದ ಮುಂದೆ ಅವಳ ಒಪ್ಪಿಗೆ ದಾಖಲಾಗಬೇಕಿತ್ತು. ಪೀಠದ ನೌಕರ ಮನೆಗೆ ಬಂದು ಕೇಳಿದಾಗ ಡಬ್ಬಿ "ಬ್ಯಾಡ" ಎಂದಿತ್ತು. ಇನ್ನು ಉಳಿದದ್ದು ವಿಚಾರಣೆ. ಅಲ್ಲೂ ಬ್ಯಾಡ ಅಂದರೆ ಅಲ್ಲಿಗೆ ಮುಗಿಯಿತು. ಆಮೇಲೆ ಕರೆಯಲು ಜಯಶೀಲಾಳಿಗೂ ಹಕ್ಕಿಲ್ಲ. ಬೇಡ ಎಂದವರನ್ನು ಪುಸಲಾಯಿಸಿದಂತೆ ಆಗುತ್ತದೆ.

ವಿಚಾರಣೆಗೆ ಮೊದಲು ಡಬ್ಬಿಯನ್ನು ಪರೀಕ್ಷೆ ಮಾಡಿಸಬೇಕೆಂದು ತಮ್ಮ ಚನ್ನವೀರ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದ. ಅವನು ಗದಗಿನ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವವನು. ಯಂತ್ರದ ಮೇಲೆ ನಂಬಿಕೆ ಹೆಚ್ಚು. ಕೇಂದ್ರದಲ್ಲಿ ರುಬೀನಾ ಮುಲ್ಲಾ ಎಂಬ ತಂತ್ರಜ್ಞೆ ಪಟ್ಟಿ ಬಿಲ್ಲೆಗಳಿಗೆ ತಂತಿ ಜೋಡಿಸಿ, ಪರದೆಯ ಮೇಲೆ ಏರಿಳಿಯುವ ಗೆರೆಗಳನ್ನು ನೋಡುತ್ತ ಪ್ರಶ್ನೆ ಕೇಳಿದಳು. ಚಹ ಬೇಕೇ, ಫ್ಯಾನು ಹಚ್ಚಲೇ, ದಣಿವಾಗಿದೆಯೇ. ಡಬ್ಬಿ ತಡವರಿಸದೆ ಉತ್ತರಿಸಿತು.

"ಛಲೋ ನಡದೈತಿ," ಎಂದಳು ರುಬೀನಾ. ಆಮೇಲೆ ಪರದೆಯ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟಳು. "ಆದ್ರ ಕತ್ತಿನ ಕಡೆ ಇದೇನಿದು? ಉತ್ತರ ಬಂದ ಮ್ಯಾಲೆ ಪ್ರತಿ ಸಲ ಏಳತೈತಿ."

"ಸೆಳೆತಾರೀ ಅದು. ಸಣ್ಣಾಕಿ ಇದ್ದಾಗಿಂದ ಐತಿ," ಎಂದ ಚನ್ನವೀರ.

ಅದು ನಾನು, ಎಂದಳು ನೀಲಾ ಮನಸ್ಸಿನಲ್ಲಿ. ಅದು ನಾನೇ. ಗೆರೆ ಎದ್ದು ಕುಣಿಯಿತು. ರುಬೀನಾ ಅದನ್ನೇ ನೋಡುತ್ತ ಕುಳಿತಳು, ಏನೋ ಕೇಳಬೇಕೆಂದು ಬಾಯಿ ತೆರೆದಳು, ಅಷ್ಟರಲ್ಲಿ ಹೊರಗಿನಿಂದ ಮುಂದಿನವರನ್ನು ಕೂಗಿದರು. ಪರೀಕ್ಷೆಯಲ್ಲಿ ಡಬ್ಬಿ ಪಾಸಾಯಿತು.

ಆ ವಾರವೇ ಇನ್ನೊಂದು ಸಂಗತಿ ನಡೆಯಿತು. ಮಧ್ಯಾಹ್ನ ಮನೆಯಲ್ಲಿ ನೀಲಾ ಒಬ್ಬಳೇ ಇದ್ದಳು. ಕಸ್ತೂರಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಎದುರು ಮನೆಯ ಮುದುಕಿ ರಾಚವ್ವ ಬಾಗಿಲಿಗೆ ಬಂದಳು. ಅವಳಿಗೆ ಈಚೆಗೆ ಮರೆವು, ಯಾರಿದ್ದಾರೆ ಯಾರು ಹೋದರು ಒಂದೂ ನೆನಪಿರುವುದಿಲ್ಲ. ಹೊಸ್ತಿಲ ಆಚೆ ನಿಂತು ಎಂದಿನಂತೆ ಕೂಗಿದಳು.

"ನಾಗವ್ವಾ, ಒಳಗದೀಯೇನು?"

"ಹೂಂ," ಎಂದಿತು ಡಬ್ಬಿ.

ನೀಲಾ ತನ್ನ ಕೈ ನೋಡಿದಳು. ಎಡಗೈ ಹಾರಲಿಲ್ಲ. ಯಾರೋ ಹಿಡಿದ ಹಾಗೆ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಪಟ್ಟಿಯ ಕೆಳಗೆ ಚರ್ಮ ಬೆಚ್ಚಗಿತ್ತು. ಯಂತ್ರ ನಡೆದರೆ ಬೆಚ್ಚಗಾಗುತ್ತದೆ, ಅದು ಅವಳಿಗೂ ಗೊತ್ತು. ಗೊತ್ತಿದ್ದರೂ ಪಟ್ಟಿಯಿಂದ ಕಣ್ಣು ಕೀಳಲಿಲ್ಲ.

"ಹಂಗಾರ ಹೊರಗ ಬಾ, ಮಾತಾಡೂಣು. ಬರ್ತೀಯೇನು?"

"ಬ್ಯಾಡ."

"ಹುಡುಗಿ ಬಿಟ್ಟು ನೀ ಎಲ್ಲಿ ಬರ್ತೀ ಬಿಡು," ಎಂದು ಗೊಣಗುತ್ತ ರಾಚವ್ವ ಹೊರಟುಹೋದಳು.

ನೀಲಾ ಅತ್ತಳು. ಹೆದರಿಕೆಗೆ ಅತ್ತಳೋ, ಅವ್ವ ಇನ್ನೂ ತನ್ನನ್ನು ಬಿಟ್ಟು ಹೋಗಿಲ್ಲವೆಂಬುದಕ್ಕೆ ಅತ್ತಳೋ, ಅವಳಿಗೇ ಬಗೆಹರಿಯಲಿಲ್ಲ. ಹಿತ್ತಲಿನಿಂದ ಬಂದ ಕಸ್ತೂರಿ, "ಯಾಕ್ರಿ ಅಕ್ಕಾರ, ಎಲ್ಲೆರ ನೋಯ್ತೈತೇನು?" ಎಂದು ಕೇಳಿದಳು. ಡಬ್ಬಿ "ಇಲ್ಲ" ಎಂದಿತು. ಅವ್ವ ಯಾರಿಗೂ ತನ್ನ ನೋವು ಹೇಳಿಕೊಂಡವಳಲ್ಲ.

ವಿಚಾರಣೆಯ ದಿನ ಪೀಠದ ಅಧಿಕಾರಿ ಹೇಮಲತಾ ಕೊಣ್ಣೂರ ಮೇಜು ಬಿಟ್ಟು ಬಂದು ನೀಲಾಳ ಎದುರಿಗೇ ಕುರ್ಚಿ ಹಾಕಿಕೊಂಡರು. ಗದಗಿಗೆ ಹೊಸದಾಗಿ ಬಂದವರು. ಎದುರಿಗೆ ಯಾರೇ ಇರಲಿ, ಎಲ್ಲರಿಗೂ ಒಂದೇ ರೀತಿ, ಒಂದೂ ಬಿಡದೆ ಕೇಳುವುದು ಅವರ ಪದ್ಧತಿಯೆಂದು ಕಚೇರಿಯವರು ಬೇಸರಪಟ್ಟುಕೊಳ್ಳುತ್ತಿದ್ದರು. ಒಂದು ಕಡೆ ಚನ್ನವೀರ, ಇನ್ನೊಂದು ಕಡೆ ಜಯಶೀಲಾ, ಹಿಂದೆ ಕೇಂದ್ರದ ಪರವಾಗಿ ರುಬೀನಾ.

"ನೀಲಾಂಬಿಕಾ ಅವ್ರ, ಧಾರವಾಡಕ್ಕ ಜಯಶೀಲಾ ಅವ್ರ ಮನಿಗೆ ಇರಾಕ ಹೋಗ್ತೀರೇನು?"

"ಬ್ಯಾಡ."

"ಸ್ವಲ್ಪ ದಿನದ ಮಟ್ಟಿಗೆ ಹೋಗಿ ನೋಡ್ತೀರೇನು?"

"ಬ್ಯಾಡ."

"ತಮ್ಮನ ಮನ್ಯಾಗ ಇರ್ತೀರೇನು?"

"ಹೂಂ."

ನೀಲಾಳ ಕತ್ತು ಎಳೆಯಿತು, ದವಡೆ ಬಿಗಿಯಿತು. ಕಣ್ಣು ಮೇಲೆ ಹೋಗುವ ಹೊತ್ತಿಗೆ ಅಧಿಕಾರಿ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಎಲ್ಲ ಮುಗಿಯಿತು ಎಂದುಕೊಂಡಳು ನೀಲಾ. ನಡುಮನೆ ಕಣ್ಣ ಮುಂದೆ ಬಂತು.

"ಇನ್ನ ನಿಮ್ಮ ಬಗ್ಗೆ ಎರಡು ಮಾತು ಕೇಳಿದ್ರ ಆತು. ಲಗ್ನ ಆಗೇತೇನು?"

ಚನ್ನವೀರ ಮುಂದೆ ಬಾಗಿದ. "ಮೇಡಂ, ಅದನ್ನೆಲ್ಲಾ ಯಾಕ ಕೇಳ್ತೀರಿ? ಅಕ್ಕಗ ಇಲ್ಲೀತನಕ ಅದನ್ನ ಯಾರೂ ಕೇಳಿಲ್ಲ."

"ಎಲ್ಲಾರಿಗೂ ಕೇಳ್ತೀನಿ. ಇವ್ರಿಗೂ ಕೇಳ್ತೀನಿ," ಎಂದರು ಅಧಿಕಾರಿ.

"ಹೂಂ," ಎಂದಿತು ಡಬ್ಬಿ.

ಅಧಿಕಾರಿಯ ಪೆನ್ನು ನಿಂತಿತು. ಅವರು ಚನ್ನವೀರನನ್ನೂ ಡಬ್ಬಿಯನ್ನೂ ನೋಡಿ, ಅದೇ ದನಿಯಲ್ಲಿ ಮುಂದುವರಿದರು. "ಯಜಮಾನ್ರು ಅದಾರೇನು?"

"ಇಲ್ಲ."

"ಮಕ್ಕಳದಾರೇನು?"

"ಹೂಂ."

"ಎಷ್ಟು ಮಂದಿ?"

"ಎರಡು."

ಕಲಿಕೆಯ ದಿನಗಳಲ್ಲಿ ಮನೆಗೆ ಬಂದುಹೋದವರೆಲ್ಲ ಅವ್ವನನ್ನು ಕೇಳುತ್ತಿದ್ದ ಮಾತುಗಳು ಇವು. ಮಗಳ ಕೈ ಹಿಡಿದುಕೊಂಡೇ ಅವ್ವ ಉತ್ತರಿಸುತ್ತಿದ್ದಳು, ಡಬ್ಬಿ ಕೇಳಿಸಿಕೊಳ್ಳುತ್ತಿತ್ತು. ನೀಲಾಳಿಗೆ ಒಮ್ಮೆಲೇ ಎಲ್ಲ ನೆನಪಾಯಿತು. ಚನ್ನವೀರ ಎದ್ದು ಬಂದು ಕುರ್ಚಿಯ ಪಕ್ಕ ಮಂಡಿಯೂರಿದ. ಡಬ್ಬಿಯನ್ನು ಕೇಳುವಾಗ ಅವನ ದನಿ ಸಣ್ಣ ಹುಡುಗನದಾಗಿತ್ತು.

"ನಿನ್ನ ಮಗಳ ಹೆಸರು ನೀಲಾಂಬಿಕಾ ಏನು?"

"ಹೂಂ."

ಹಿಂದಿನಿಂದ ರುಬೀನಾ ಕೇಳಿದಳು. "ಡಬ್ಬಿಗೆ ಕಲಿಸುವಾಗ ಇವ್ರ ಕೈ ಯಾರು ಹಿಡಕೊಂಡಿದ್ರು?"

"ಅವ್ವ," ಎಂದ ಚನ್ನವೀರ. "ಅವ್ವ ಹಿಡಕೊಂಡಿದ್ಲು."

ರುಬೀನಾ ಬಂದು ಡಬ್ಬಿಯ ಗುಂಡಿ ಒತ್ತಿ ಆರಿಸಿದಳು. "ಇಷ್ಟು ದಿನ ನಾವು ತಾಯೀನ್ನ ಕೇಳಾಕತ್ತಿದ್ವಿ ಮೇಡಂ," ಎಂದು, ಪಟ್ಟಿ ಏನು ಕಲಿತಿದೆ, ಕತ್ತಿನ ಗೆರೆ ಏಕೆ ತಡವಾಗಿ ಏಳುತ್ತದೆ ಎಂಬುದನ್ನು ವಿವರಿಸಿದಳು. ಎಲ್ಲವನ್ನೂ ಅಳಿಸಿ ಹೊಸದಾಗಿ ಕಲಿಸಬೇಕು. ಆದರೆ ಅಳಿಸಲು ನೀಲಾಂಬಿಕಾಳ ಒಪ್ಪಿಗೆ ಬೇಕು, ಕಾಯಿದೆಯ ಪ್ರಕಾರ ಆ ಒಪ್ಪಿಗೆ ಇದೇ ಡಬ್ಬಿಯಿಂದ ಬರಬೇಕು.

ಅಧಿಕಾರಿ ಪೆನ್ನು ಕೆಳಗಿಟ್ಟರು. "ಡಬ್ಬಿ ಬರೂಕಿಂತ ಮೊದಲ ಇವ್ರನ್ನ ಹೆಂಗ ಕೇಳ್ತಿದ್ರಿ?"

"ಕಣ್ಣು ಮ್ಯಾಲೆ ಹೋದ್ರ ಹೂಂ," ಎಂದಳು ಜಯಶೀಲಾ. "ಆದ್ರ ಕಾಯಬೇಕ್ರಿ ಮೇಡಂ. ಭಾಳ ಮಂದಿ ಕಾಯೂದಿಲ್ಲ."

"ನಾ ಕಾಯ್ತೀನಿ. ಮ್ಯಾಲಿನವ್ರು ಕೇಳಿದ್ರ ಉತ್ತರಾನೂ ನಾನೇ ಕೊಡ್ತೀನಿ." ಅವರು ನೀಲಾಳ ಮುಖವನ್ನೇ ನೋಡುತ್ತ, ಹೊಸ ಕಲಿಕೆಯನ್ನು ಧಾರವಾಡದ ಮನೆಯಲ್ಲಿ ಮಾಡಿಸಬೇಕೇ ಎಂದು ಕೇಳಿದರು. ಕೇಳಿ ಕೈಕಟ್ಟಿ ಕುಳಿತರು. ಕತ್ತು ಎಳೆಯಿತು, ದವಡೆ ಬಿಗಿಯಿತು, ಕೈ ಹಾರಿ ಅವರ ಮೊಣಕಾಲಿಗೆ ಬಡಿಯಿತು. ಅವರು ಕದಲಲಿಲ್ಲ. ನೀಲಾಳ ಕಣ್ಣು ಮೇಲಕ್ಕೆ ಹೋಯಿತು. ಈ ಸಲ ಎದುರಿಗೆ ಒಬ್ಬರು ಇದ್ದರು. ಅಳಿಸುವ ಮಾತು ಮಾತ್ರ ಕೇಂದ್ರದಲ್ಲಿ, ಅಳಿಸುವ ಹೊತ್ತಿಗೆ, ತಮ್ಮ ಎದುರಿಗೇ ಆಗಲಿ ಎಂದರು ಅಧಿಕಾರಿ. ಒಮ್ಮೆ ಅಳಿಸಿದರೆ ತಿರುಗಿ ಬರುವುದಿಲ್ಲ.

ಆ ದಿನ ಬಂದಾಗ ಚನ್ನವೀರ ಡಬ್ಬಿಯನ್ನು ಒಮ್ಮೆ ಹಚ್ಚಬೇಕೆಂದು ಬೇಡಿಕೊಂಡ. ಅವ್ವ ಜೀವ ಬಿಡುವಾಗ ಅವನು ಗುಡ್ಡದ ಮೇಲೆ, ಗಾಳಿಯಂತ್ರದ ತುದಿಯಲ್ಲಿದ್ದ. ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಅವ್ವಾ, ಅರಾಮದೀಯೇನು?"

"ಹೂಂ."

"ನಾ ಲಗೂ ಬರಲಿಲ್ಲಂತ ನನ್ನ ಮ್ಯಾಲೆ ಸಿಟ್ಟೈತೇನು?"

"ಇಲ್ಲ."

ಅವನು ಹಣೆಯನ್ನು ಕುರ್ಚಿಯ ತೋಳಿಗೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತ. "ಅಕ್ಕಾ, ಅಳಸೂದು ಬ್ಯಾಡ. ನಿನಗ ಬ್ಯಾರೆ ಡಬ್ಬಿ ಕೊಡಸ್ತೀನಿ. ಇದನ್ನ ನಾ ಮನ್ಯಾಗ ಇಟಗೋತೀನಿ."

ಹಾಗೆ ಮಾಡಲು ಬರುವುದಿಲ್ಲ ಎಂದಳು ರುಬೀನಾ, ಬಹಳ ಮೆಲ್ಲಗೆ. ಅದರೊಳಗಿರುವುದು ನೀಲಾಂಬಿಕಾಳ ಹೆಸರಿನ ಇಂಗಿತ. ಅದು ಇರುವವರೆಗೂ ಅದರ ಮಾತೇ ಇವಳ ಮಾತು. ನಾಳೆ ಯಾರಾದರೂ ಅದನ್ನು ತಂದು ಪೀಠದ ಮುಂದಿಟ್ಟರೆ ನೀಲಾ ಮತ್ತೆ ನಡುಮನೆಗೆ ಬರಬೇಕಾಗುತ್ತದೆ.

ಎಲ್ಲರೂ ನೀಲಾಳನ್ನು ನೋಡಿದರು. ಅವಳಿಗೆ ಅವ್ವನ ಮೇಲೆ ಸಿಟ್ಟಿತ್ತು, ಹೊಟ್ಟೆಯೊಳಗಿನ ಸಿಟ್ಟು. ಬದುಕಿದ್ದಾಗ ಹಿಡಿದಿದ್ದೆ, ಸರಿ, ಸತ್ತ ಮೇಲೂ ಬಿಡಬಾರದೇ? ಅದೇ ಹೊತ್ತಿಗೆ ಆ ಕೈ ಇನ್ನೊಂದು ಗಳಿಗೆ ಇರಲಿ ಎಂದೂ ಅನ್ನಿಸುತ್ತಿತ್ತು. ಲೋಕದಲ್ಲಿ ಅವಳ ಕೈಯನ್ನು ಅಷ್ಟು ಹೊತ್ತು ಹಿಡಿದವರು ಬೇರೆ ಯಾರೂ ಇರಲಿಲ್ಲ.

ಜಯಶೀಲಾ ಹತ್ತಿರ ಬಂದಳು. "ಅವ್ವನ್ನ ಏನರ ಕೇಳಬೇಕೇನ ನೀಲಾ?" ಕಾದಳು. ಕಣ್ಣು ಮೇಲೆ ಹೋಯಿತು. "ನಾ ಹೋಗ್ಲೇನು ಅಂತ ಕೇಳ್ಲಿ?" ಮತ್ತೆ ಕಾದಳು. ಕಣ್ಣು ಮತ್ತೆ ಮೇಲೆ ಹೋಯಿತು.

ಜಯಶೀಲಾ ಡಬ್ಬಿಯ ಕಡೆ ತಿರುಗಿದಳು. "ಚಿಗವ್ವಾ, ನೀಲಾ ನನ್ನ ಕೂಡ ಇರಾಕ ಬರ್ತಾಳ. ಕಳಸ್ತೀಯೇನು?"

"ಬ್ಯಾಡ."

ನೀಲಾಳ ಬಾಯಿ ಒಂದು ಬದಿಗೆ ಎಳೆಯಿತು. ಬಲ್ಲವರಿಗೆ ಅದು ನಗುವೆಂದು ಗೊತ್ತು. ಅವ್ವ ಎಂದಾದರೂ ಹೋಗು ಅಂದಾಳೇ?

"ಅಳಸ್ಲೇನ್ರಿ ಅಕ್ಕಾರ?" ರುಬೀನಾ ಕೇಳಿದಳು. ಡಬ್ಬಿ ಮತ್ತೆ ಬ್ಯಾಡ ಎಂದಿತು. ಯಾರೂ ಅತ್ತ ನೋಡಲಿಲ್ಲ. ಎಲ್ಲರೂ ಕಾದರು. ಕಣ್ಣು ನಿಧಾನವಾಗಿ ಮೇಲೆ ಹೋಗಿ, ರುಬೀನಾ ಗುಂಡಿ ಒತ್ತುವವರೆಗೂ ಅಲ್ಲೇ ನಿಂತಿತು. ಮೇಲೆ ನೋಡುತ್ತಿದ್ದರೆ ಕಣ್ಣೀರು ಕಿವಿಯ ಕಡೆ ಹರಿಯುತ್ತದೆ, ಅದನ್ನು ಚನ್ನವೀರ ತನ್ನ ಕೈಯಿಂದ ಒರೆಸಿದ.

ಧಾರವಾಡದ ಮನೆಯಲ್ಲಿ, ಹೊಸದಾಗಿ ಕಲಿಯುತ್ತಿದ್ದ ಡಬ್ಬಿ ಬಹಳ ದಿನ ಮೂಕವಾಗಿತ್ತು. ಎಡಗೈಯನ್ನು ಯಾರೂ ಹಿಡಿಯಲಿಲ್ಲ. ಅದು ಮನಸ್ಸಿಗೆ ಬಂದಂತೆ ಹಾರಿತು, ಚಹದ ಬಸಿ ಒಡೆಯಿತು, ಜಯಶೀಲಾಳ ಕನ್ನಡಕ ಬೀಳಿಸಿತು. "ನಿನ್ನ ಕೈ ಅಲ್ಲ, ಕುದರಿ ಕಾಲು," ಎಂದು ಜಯಶೀಲಾ ಬೈದಳು. ಜೊತೆಗಾರ್ತಿ ಕಿಟಕಿಯ ಪಕ್ಕ ಕುರ್ಚಿ ಹಾಕುತ್ತಿದ್ದಳು. ರಸ್ತೆಯಲ್ಲಿ ಹೋಗುವವರು ನೋಡುತ್ತಿದ್ದರು. ಕೆಲವರು ಅಯ್ಯೋ ಎಂದೂ ಅಂದರು. ಅದು ಅವ್ವ ಹೆದರಿದಷ್ಟು ನೋಯಿಸಲಿಲ್ಲ, ಆದರೆ ನೋಯಿಸಿತು.

ಒಂದು ಸಂಜೆ ಜಯಶೀಲಾ ಮೊಸರಿನ ಬಟ್ಟಲು ಹಿಡಿದು ಬಂದಳು. ಕೇಳಿದಳು, ಕಾದಳು, ಕಣ್ಣು ಮೇಲೆ ಹೋಯಿತು. ನೀಲಾ ಬಟ್ಟಲಿನಷ್ಟೂ ಮೊಸರು ತಿಂದಳು. ಸಕ್ಕರೆ ತಳಕ್ಕೆ ಇಳಿದಿತ್ತು, ಕೊನೆಯ ಚಮಚ ಎಲ್ಲಕ್ಕಿಂತ ರುಚಿಯಾಗಿತ್ತು. ಅಂದು ರಾತ್ರಿಯೆಲ್ಲ ಕೆಮ್ಮಿದಳು. ಎದೆ ಕಟ್ಟಿತ್ತು. ಜೊತೆಗಾರ್ತಿ ಬೆನ್ನು ನೀವುತ್ತ ಕುಳಿತಿದ್ದಳು.

ಮರುದಿನ ಸಂಜೆ ಜಯಶೀಲಾ ಮತ್ತೆ ಬಟ್ಟಲು ತಂದಳು. "ಏನವಾ, ಇವತ್ತೂ ಮೊಸರು ಬೇಕೇನು?"

ನೀಲಾ ಬಟ್ಟಲನ್ನು ನೋಡಿದಳು. ಕತ್ತು ಎಳೆಯಿತು, ದವಡೆ ಬಿಗಿಯಿತು. ಬ್ಯಾಡ ಎನ್ನಲು ಕಣ್ಣು ಇನ್ನೇನು ಪಕ್ಕಕ್ಕೆ ಸರಿಯಬೇಕು, ಅಷ್ಟರಲ್ಲಿ, ಈ ಮನೆಗೆ ಬಂದ ಮೇಲೆ ಮೊದಲ ಸಲ ಡಬ್ಬಿ ಬಾಯಿ ಬಿಟ್ಟಿತು.

"ಬ್ಯಾಡ."

ಜಯಶೀಲಾ ಬಟ್ಟಲು ಕೆಳಗಿಟ್ಟಳು. ನೀಲಾ ತಲೆ ತಗ್ಗಿಸಿ ತನ್ನ ಎಡಗೈಯನ್ನು ನೋಡಿಕೊಂಡಳು. ಅದು ತೊಡೆಯ ಮೇಲೆ ಸುಮ್ಮನೆ ಮಲಗಿತ್ತು. ಹಿಡಿದವರು ಯಾರೂ ಇರಲಿಲ್ಲ.